ಕಡಿಮೆ ಬಜೆಟ್‌ನಲ್ಲಿ ರೋಡ್ ಬೈಕ್ ಗೇರ್: ದುಡ್ಡು ಎಲ್ಲಿ ಹಾಕ್ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೆ, ಮೆಟ್ರೋದಲ್ಲಿ ಸೀಟು ಸಿಕ್ಕಿರೋ ಅದೃಷ್ಟವಂತರಿಗೆ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತಿನ ವಿಷಯ ಸೈಕಲ್. ಅದ್ರಲ್ಲೂ ರೋಡ್ ಬೈಕ್‌ನ ಡ್ರೈವ್‌ಟ್ರೇನ್. ಅಂದ್ರೆ ನಿಮ್ಮ ಕಾಲಿನ ಬಲವನ್ನ ಹಿಂದಿನ ಚಕ್ರಕ್ಕೆ ಮುಟ್ಟಿಸೋ ಅಷ್ಟೂ ಸಾಮಾನು. ಪೆಡಲ್ ಕೂತಿರೋ ಕ್ರ್ಯಾಂಕ್, ಅದರ ಜೊತೆ ಇರೋ ಹಲ್ಲಿನ ಬಳೆ ಅಂದ್ರೆ ಚೈನ್‌ರಿಂಗ್, ಚೈನು, ಹಿಂದಿನ ಚಕ್ರದಲ್ಲಿ ಒಂದರ ಪಕ್ಕ ಒಂದು ಕೂತಿರೋ ಗೇರ್‌ಗಳ ಗೊಂಚಲು ಅಂದ್ರೆ ಕ್ಯಾಸೆಟ್, ಚೈನನ್ನ ಅತ್ತಿತ್ತ ತಳ್ಳೋ ಡಿರೈಲರ್, ಕೈಗೆ ಸಿಗೋ ಶಿಫ್ಟರ್. ಇಷ್ಟು ನೆನಪಿಟ್ಕೊಂಡ್ರೆ ಸಾಕು, ಮುಂದಿನದ್ದೆಲ್ಲ ಲೆಕ್ಕ.

ಈ ಎಪಿಸೋಡ್‌ಗೆ ಕಾರಣ ಒಂದು ವಾಯ್ಸ್ ನೋಟ್. ಕಳಿಸಿದವರು ದಾವಣಗೆರೆ ಕಡೆಯವರು, ಯಲಹಂಕದಲ್ಲಿ ಪಿಜಿಯಲ್ಲಿದ್ದು ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತಾರೆ. ಹೆಸರು ಬೇಡ ಅಂದಿದ್ದಾರೆ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡು ಒಂದು ವರ್ಷ ಆಗಿದೆ. ಭಾನುವಾರ ಆಫೀಸಿನವರ ಜೊತೆ ನಂದಿ ಬೆಟ್ಟಕ್ಕೆ ಹೋಗ್ತಾರೆ. ಕೊನೆಯ ತಿರುವುಗಳಲ್ಲಿ ಇಳಿದು ತಳ್ಕೊಂಡು ಹೋಗ್ಬೇಕಾಗುತ್ತೆ, ಸೋಮವಾರ ಮೊಣಕಾಲು ನೋಯುತ್ತೆ. ಜೊತೆಗಾರರು ಹೇಳೋದು ಒಂದೇ ಮಾತು: ‘ನಿನ್ನ ಸೈಕಲ್ಲಿನ ಗೇರ್ ಹಳೇದು, 105 ಹಾಕ್ಸು, ಎಲ್ಲ ಸರಿಹೋಗುತ್ತೆ.’ ಇವರ ಹತ್ರ ಕೂಡಿಟ್ಟ 20,000 ರೂಪಾಯಿ ಇದೆ. ಜೂನ್‌ನಲ್ಲಿ ತಮ್ಮನ ಕಾಲೇಜ್ ಫೀಸ್ ಬರುತ್ತೆ. ವಾಯ್ಸ್ ನೋಟ್‌ನ ಕೊನೇಲಿ ಕೇಳಿದ್ದಾರೆ: ‘ಈ ದುಡ್ಡನ್ನ ಗೇರ್‌ಗೆ ಹಾಕ್ಲಾ, ಫೀಸಿಗೆ ಇಡ್ಲಾ, ಇಲ್ಲಾಂದ್ರೆ ಸೈಕಲ್ಲೇ ಮಾರಿಬಿಡ್ಲಾ?’

ಆ ಕೊನೆಯ ಮಾತು ಇದೆಯಲ್ಲ, ಅದಕ್ಕೋಸ್ಕರ ಈ ಎಪಿಸೋಡ್. ಯಾಕಂದ್ರೆ ಬಹಳ ಜನ ಸೈಕಲ್ ಬಿಡೋದು ಆಸೆ ಕಡಿಮೆಯಾಗಿ ಅಲ್ಲ. ‘ಇದಕ್ಕೆ ಇನ್ನೂ ದುಡ್ಡು ಸುರೀಬೇಕು, ನಮ್ಮಂಥವರಿಗಲ್ಲ’ ಅಂತ ಯಾರೋ ನಂಬಿಸಿರ್ತಾರೆ. ಆ ನಂಬಿಕೆ ಎಷ್ಟು ಸರಿ ಅಂತ ಇವತ್ತು ಲೆಕ್ಕ ಹಾಕೋಣ. ನಾನು ಬಿ.ಕಾಂ. ಮಾಡಿದವನು, ಮೆಕ್ಯಾನಿಕ್ ಅಲ್ಲ. ನನ್ನ ಸೈಕಲ್ 9 ಸ್ಪೀಡ್ ಸೋರಾ, ಅದೂ ಸೆಕೆಂಡ್ ಹ್ಯಾಂಡೇ. ಅದಕ್ಕೆ ಅಂತ ಒಂದು ಎಕ್ಸೆಲ್ ಶೀಟ್ ಇಟ್ಟಿದ್ದೀನಿ, ಯಾವ ಪಾರ್ಟು, ಯಾವ ದಿನ, ಎಷ್ಟು ಕಿಲೋಮೀಟರ್, ಎಷ್ಟು ರೂಪಾಯಿ ಅಂತ.

ಮೊದಲು ಈ 105 ಅಂದ್ರೇನು ಅಂತ ನೋಡೋಣ. ಶಿಮಾನೊ ಅಂತ ಜಪಾನಿನ ಕಂಪನಿ, 1921ರಲ್ಲಿ ಸಕಾಯ್ ಅನ್ನೋ ಊರಲ್ಲಿ ಶುರುವಾಗಿದ್ದು. ರೋಡ್ ಬೈಕ್ ಗೇರ್‌ಗಳಲ್ಲಿ ಅವರದ್ದು ಒಂದು ಮೆಟ್ಟಿಲು ಇದೆ. ಕೆಳಗಿಂದ ಹೇಳ್ತೀನಿ: ಕ್ಲಾರಿಸ್, ಅದು ಹಿಂದೆ 8 ಗೇರ್. ಸೋರಾ, 9. ಟಿಯಾಗ್ರಾ, 10. ಆಮೇಲೆ 105. 2018ರಲ್ಲಿ ಬಂದ 105ರಲ್ಲಿ 11 ಗೇರ್ ಇತ್ತು, ಈಗಿನದ್ರಲ್ಲಿ 12. ಅದರ ಮೇಲೆ ಅಲ್ಟೆಗ್ರಾ, ತುದೀಲಿ ಡ್ಯುರಾ-ಏಸ್. ‘8 ಸ್ಪೀಡ್’ ಅಂದ್ರೆ ಕ್ಯಾಸೆಟ್‌ನಲ್ಲಿ ಎಂಟು ಗೇರ್ ಅಂತ, ಅಷ್ಟೇ. ಅಮೆರಿಕದ ಶ್ರಾಮ್, ಇಟಲಿಯ ಕ್ಯಾಂಪಾಗ್ನೋಲೋ ಕೂಡ ಇವೆ. ಆದ್ರೆ ನಮ್ಮ ಬಜೆಟ್‌ನಲ್ಲಿ, ನಮ್ಮೂರಿನ ಅಂಗಡಿಗಳಲ್ಲಿ ಸಿಗೋದು ಹೆಚ್ಚಾಗಿ ಶಿಮಾನೊ. ಅದರ ಜೊತೆ ತೈವಾನಿನ ಮೈಕ್ರೋಶಿಫ್ಟ್, ಸನ್‌ರೇಸ್, ಚೈನಿಗೆ ಕೆಎಂಸಿ.

ಈಗ ನಮ್ಮ ಕೇಳುಗರ ಸೈಕಲ್. ಕ್ಲಾರಿಸ್, 8 ಸ್ಪೀಡ್. ಮುಂದೆ ಎರಡು ಚೈನ್‌ರಿಂಗ್, 50 ಹಲ್ಲು ಮತ್ತೆ 34 ಹಲ್ಲು. ಹಿಂದೆ ಅತಿ ಚಿಕ್ಕದು 11 ಹಲ್ಲು, ಅತಿ ದೊಡ್ಡದು 28. ಏರು ಹತ್ತುವಾಗ ಅವರಿಗೆ ಸಿಗೋ ಅತಿ ಹಗುರ ಗೇರ್ ಅಂದ್ರೆ ಮುಂದೆ 34, ಹಿಂದೆ 28.

ಪೆಡಲ್ ಒಂದು ಸುತ್ತು ತಿರುಗಿದ್ರೆ ಹಿಂದಿನ ಚಕ್ರ 34 ಭಾಗ 28 ಅಂದ್ರೆ 1.21 ಸುತ್ತು ತಿರುಗುತ್ತೆ. ರೋಡ್ ಬೈಕ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಗುಣಿಸಿದ್ರೆ, ಒಂದು ಸುತ್ತು ತುಳಿದ್ರೆ ಸೈಕಲ್ 2.55 ಮೀಟರ್ ಮುಂದೆ ಹೋಗ್ಬೇಕು. ಹಿಂದೆ 28ರ ಬದಲು 32 ಹಲ್ಲಿನ ಗೇರ್ ಇದ್ರೆ 2.23 ಮೀಟರ್. 34 ಇದ್ರೆ ಸರಿಯಾಗಿ 2.1 ಮೀಟರ್. ಕಡಿಮೆ ದೂರ ಅಂದ್ರೆ ಕಾಲಿಗೆ ಕಡಿಮೆ ಭಾರ. ಅದೇ ಏರಿನಲ್ಲಿ 28ರಿಂದ 32ಕ್ಕೆ ಹೋದ್ರೆ ಪೆಡಲ್ ಮೇಲೆ ಹಾಕಬೇಕಾದ ಒತ್ತಡ ಶೇ. 12ರಷ್ಟು ಇಳಿಯುತ್ತೆ. 34ಕ್ಕೆ ಹೋದ್ರೆ ಸುಮಾರು ಶೇ. 18.

ಇದನ್ನ ಬೆಟ್ಟದ ಮೇಲೆ ಇಟ್ಟು ನೋಡಿ. ನಂದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಬುಡದಿಂದ ಏಳೆಂಟು ಕಿಲೋಮೀಟರ್ ಏರು, ಕೊನೆಕೊನೆಗೆ ಕಡಿದಾಗುತ್ತೆ. ಹೊಸಬರು ಅಂಥ ಕಡೆ ಗಂಟೆಗೆ 7 ಕಿಲೋಮೀಟರ್ ವೇಗಕ್ಕೆ ಇಳಿದ್ರು ಅಂದ್ಕೊಳ್ಳಿ. 34-28 ಗೇರ್‌ನಲ್ಲಿ ಅವರ ಪೆಡಲ್ ನಿಮಿಷಕ್ಕೆ ಬರೀ 46 ಸುತ್ತು ತಿರುಗುತ್ತೆ. ಅಂದ್ರೆ ಪ್ರತಿ ತುಳಿತವೂ ಮೆಟ್ಟಿಲ ಮೇಲೆ ಅಕ್ಕಿ ಮೂಟೆ ಹೊತ್ತ ಹಾಗೆ. ಅದೇ ವೇಗ, 34-34 ಗೇರ್ ಇದ್ರೆ 56 ಸುತ್ತು. ಬೆಟ್ಟ ಅದೇ, ಜನ ಅದೇ, ಮೊಣಕಾಲಿನ ಮೇಲಿನ ಭಾರ ಮಾತ್ರ ಬೇರೆ.

ಈಗ ಮುಖ್ಯವಾದ ಮಾತು. ಇವರು 20,000ಕ್ಕೆ ಮತ್ತಷ್ಟು ಸೇರಿಸಿ 105 ಹಾಕಿಸಿದ್ರು, ಆದ್ರೆ ಕ್ಯಾಸೆಟ್ ಮತ್ತೆ 11-28ನ್ನೇ ತಗೊಂಡ್ರು ಅಂದ್ಕೊಳ್ಳಿ. ಏನಾಗುತ್ತೆ? ಮುಂದೆ ಅದೇ 34, ಹಿಂದೆ ಅದೇ 28. ಒಂದು ಸುತ್ತಿಗೆ ಅದೇ 2.55 ಮೀಟರ್. ಬೆಟ್ಟಕ್ಕೆ ಡಿರೈಲರ್ ಮೇಲೆ ಏನು ಬರೆದಿದೆ ಅಂತ ಓದೋಕೆ ಬರಲ್ಲ, ಅದಕ್ಕೆ ಗೊತ್ತಿರೋದು ಹಲ್ಲಿನ ಲೆಕ್ಕ ಮಾತ್ರ. ಮತ್ತೆ ಅದೇ ತಿರುವಿನಲ್ಲಿ ಇಳಿದು ತಳ್ಳಬೇಕು, ಈ ಸಲ ಖಾಲಿ ಜೇಬಿನ ಜೊತೆ.

ಹಾಗಾದ್ರೆ ಜಾಸ್ತಿ ಗೇರ್‌ನಿಂದ ಏನೂ ಉಪಯೋಗ ಇಲ್ವಾ? ಇದೆ. ನ್ಯಾಯವಾಗಿ ಹೇಳ್ಬೇಕು. 8 ಸ್ಪೀಡ್‌ನ ಒಂದು 11-32 ಕ್ಯಾಸೆಟ್ ಹೀಗಿರುತ್ತೆ: 11, 13, 15, 18, 21, 24, 28, 32. 11 ಸ್ಪೀಡ್‌ನ 11-32 ಹೀಗೆ: 11, 12, 13, 14, 16, 18, 20, 22, 25, 28, 32. ಎರಡರ ಆರಂಭ, ಕೊನೆ ಒಂದೇ. ನಡುವಿನ ಮೆಟ್ಟಿಲು ಬೇರೆ. ಮೊದಲನೇದ್ರಲ್ಲಿ 15ರಿಂದ 18ಕ್ಕೆ ಹಾರಿದ್ರೆ ಕಾಲಿನ ಲಯ ಒಂದು ಕ್ಷಣ ತಪ್ಪುತ್ತೆ. ಗುಂಪಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಎದುರುಗಾಳಿ ಇರುವಾಗ, ರೇಸ್‌ನಲ್ಲಿ ಇದು ಗೊತ್ತಾಗುತ್ತೆ. ವಿಜಯಪುರ, ಬಾಗಲಕೋಟೆ ಕಡೆ ರೇಸಿಗೆ ತಯಾರಾಗ್ತಿರೋ ಹುಡುಗ ಹುಡುಗಿಯರಿಗೆ ಇದು ನಿಜವಾದ ವ್ಯತ್ಯಾಸ. ಶಿಫ್ಟರ್ ಒತ್ತಿದಾಗಿನ ಅನುಭವವೂ ಮೇಲಿನ ಮೆಟ್ಟಿಲುಗಳಲ್ಲಿ ಚೆನ್ನಾಗಿರುತ್ತೆ. ಆದ್ರೆ ಭಾನುವಾರ ಬೆಟ್ಟ ಹತ್ತಿ, ಇಡ್ಲಿ ತಿಂದು ವಾಪಸ್ ಬರೋರಿಗೆ ಮೊದಲು ಬೇಕಾಗಿರೋದು ಅತಿ ಹಗುರ ಗೇರ್. ನಡುವಿನ ಸಣ್ಣ ಮೆಟ್ಟಿಲುಗಳು ಆಮೇಲಿನ ಮಾತು.

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಿ. 50 ಹಲ್ಲು ಮುಂದೆ, 11 ಹಿಂದೆ ಹಾಕಿ ನಿಮಿಷಕ್ಕೆ 90 ಸುತ್ತು ತುಳಿದ್ರೆ ಗಂಟೆಗೆ 51 ಕಿಲೋಮೀಟರ್ ದಾಟುತ್ತೆ. ಸಮತಟ್ಟು ರಸ್ತೇಲಿ ನಮ್ಮಲ್ಲಿ ಎಷ್ಟು ಜನ ಆ ವೇಗ ಹಿಡಿದಿಟ್ಕೊಳ್ತೀವಿ? ಹಾಗಾಗಿ ಯಾರಾದ್ರೂ ‘ರೇಸರ್‌ಗಳು ಹಾಕೋದು ಇದೇ’ ಅಂತ ಮುಂದೆ 53-39 ಹಲ್ಲಿನ ಕ್ರ್ಯಾಂಕ್ ಇರೋ ಹಳೇ ಸೈಕಲ್ ತೋರಿಸಿದ್ರೆ, ಹೊಸಬರು ಸುಮ್ನೆ ಕೈಮುಗಿದು ಮುಂದೆ ಹೋಗಿ. 50-34 ನೋಡಿ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. ಪಿಯುಸಿ ಅಕೌಂಟೆನ್ಸಿಯಲ್ಲಿ ಒಂದು ಪಾಠ ಇತ್ತು, ಸವಕಳಿ. ಇಂಗ್ಲಿಷ್‌ನಲ್ಲಿ ಡಿಪ್ರಿಸಿಯೇಷನ್. ಯಂತ್ರ ತಗೊಂಡ್ರೆ ಅದರ ಬೆಲೆ ವರ್ಷವರ್ಷ ಕರಗುತ್ತೆ, ಅದನ್ನ ಪುಸ್ತಕದಲ್ಲಿ ಬರೀಬೇಕು. ಸೈಕಲ್ ಚೈನ್‌ಗೂ ನಮ್ಮ ಭಾಷೇಲಿ ಅದೇ ಪದ, ಸವಕಳಿ. ಇಲ್ಲಿ ಅದು ಪುಸ್ತಕದ ಮಾತಲ್ಲ, ಕಣ್ಣಿಗೆ ಕಾಣುತ್ತೆ, ಸ್ಕೇಲ್‌ನಲ್ಲಿ ಅಳೀಬಹುದು.

ಹೇಗೆ ಅಂದ್ರೆ, ಚೈನಿನ ಒಂದು ಪಿನ್‌ನಿಂದ ಪಕ್ಕದ ಪಿನ್‌ಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. 8 ಸ್ಪೀಡ್ ಆಗ್ಲಿ 12 ಸ್ಪೀಡ್ ಆಗ್ಲಿ, ಈ ಅಳತೆ ಬದಲಾಗಲ್ಲ. ಬದಲಾಗೋದು ಚೈನಿನ ಹೊರ ಅಗಲ. 8 ಸ್ಪೀಡ್ ಚೈನು ಸುಮಾರು 7 ಮಿಲಿಮೀಟರ್ ಅಗಲ, 11 ಸ್ಪೀಡ್‌ನದ್ದು ಸುಮಾರು ಐದೂವರೆ. ಗೇರ್‌ಗಳು ಒತ್ತೊತ್ತಾಗಿ ಕೂರೋದ್ರಿಂದ ಚೈನೂ ತೆಳ್ಳಗಾಗಬೇಕು. ತುಳಿದೂ ತುಳಿದೂ ಧೂಳು, ಮಣ್ಣು ಒಳಗೆ ಹೋಗಿ ಪಿನ್‌ಗಳು ಸವೀತವೆ. ಪ್ರತಿ ಜಾಗದಲ್ಲೂ ಕೂದಲೆಳೆಯಷ್ಟು ಸಡಿಲ ಆಗುತ್ತೆ, ಎಲ್ಲ ಸೇರಿ ಚೈನು ಉದ್ದ ಆಗುತ್ತೆ. ಉದ್ದ ಆದ ಚೈನು ಗೇರ್ ಹಲ್ಲಿನ ಬುಡದಲ್ಲಿ ಕೂರೋದು ಬಿಟ್ಟು ಮೇಲಕ್ಕೆ ಏರಿ ಕೂರುತ್ತೆ, ಹಲ್ಲನ್ನ ತಿನ್ನುತ್ತೆ. ಆಮೇಲೆ ಹೊಸ ಚೈನು ಹಾಕಿದ್ರೆ ಸವೆದ ಹಲ್ಲಿನ ಮೇಲೆ ಅದು ಕೂರಲ್ಲ, ಜೋರಾಗಿ ತುಳಿದಾಗ ಟಕ್ ಅಂತ ಜಾರುತ್ತೆ. ಆಗ ಮೆಕ್ಯಾನಿಕ್ ಹೇಳ್ತಾರೆ, ‘ಕ್ಯಾಸೆಟ್ಟೂ ಹೋಗಿದೆ ಸರ್.’ ಅವರು ಹೇಳೋದು ನಿಜ.

ಅಳೆಯೋದು ಸುಲಭ. 12 ಇಂಚು ಪೂರ್ತಿ ಇರೋ ಸ್ಟೀಲ್ ಸ್ಕೇಲ್ ತಗೊಳ್ಳಿ. ಚೈನು ಬಿಗಿಯಾಗಿರೋ ಕಡೆ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಹೊಸ ಚೈನಾದ್ರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಮಧ್ಯ ಬರುತ್ತೆ. ಆ ಪಿನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದ್ರೆ ಸುಮಾರು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ರೆ ಶೇ. 0.5 ಸವಕಳಿ. 11, 12 ಸ್ಪೀಡ್‌ನವರು ಅಲ್ಲೇ ಚೈನ್ ಬದಲಾಯಿಸಿ. 8, 9, 10 ಸ್ಪೀಡ್‌ನವರು ಶೇ. 0.75ರವರೆಗೆ ಹೋಗಬಹುದು. ಎಂಟನೇ ಒಂದು ಭಾಗ, ಅಂದ್ರೆ ಮೂರು ಮಿಲಿಮೀಟರ್ ಆಚೆ ಹೋಗಿದ್ರೆ ಕ್ಯಾಸೆಟ್‌ಗೂ ಪೆಟ್ಟು ಬಿದ್ದಿರುತ್ತೆ. ಸ್ಕೇಲ್ ಕಷ್ಟ ಅನ್ನಿಸಿದ್ರೆ ಚೈನ್ ಚೆಕರ್ ಅಂತ ಒಂದು ಸಣ್ಣ ತಗಡಿನ ಉಪಕರಣ ಸಿಗುತ್ತೆ. ನಾಲ್ಕು ಜನ ಸೇರಿ ಒಂದು ತಗೊಂಡ್ರೂ ಸಾಕು.

ಇನ್ನು ರೂಪಾಯಿ ಲೆಕ್ಕ. ಬೆಲೆ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತೆ. ಹಾಗಾಗಿ ಈಗ ಹೇಳೋ ಅಂಕಿಗಳು ಉದಾಹರಣೆಗೆ ಅಂತ ಇಟ್ಕೊಂಡಿದ್ದು. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಲೆಕ್ಕ ಮಾಡ್ಕೊಳ್ಳಿ.

8 ಸ್ಪೀಡ್ ಚೈನ್ 1,200, ಕ್ಯಾಸೆಟ್ 2,000 ಅಂತ ಇಟ್ಕೊಳ್ಳೋಣ. ಒಂದು ಚೈನು 3,000 ಕಿಲೋಮೀಟರ್ ಬಾಳುತ್ತೆ, ಸಮಯಕ್ಕೆ ಸರಿಯಾಗಿ ಬದಲಾಯಿಸಿದ್ರೆ ಮೂರು ಚೈನಿಗೆ ಒಂದು ಕ್ಯಾಸೆಟ್ ಸಾಕು ಅಂದ್ಕೊಳ್ಳೋಣ. 9,000 ಕಿಲೋಮೀಟರ್‌ಗೆ ಖರ್ಚು: ಮೂರು ಚೈನು 3,600, ಒಂದು ಕ್ಯಾಸೆಟ್ 2,000, ಒಟ್ಟು 5,600. ಕಿಲೋಮೀಟರ್‌ಗೆ 62 ಪೈಸೆ.

ಎರಡನೇದು, ಅದೇ ಸೈಕಲ್, ಆದ್ರೆ ಚೈನ್ ನೋಡೋದೇ ಇಲ್ಲ. 6,000 ಕಿಲೋಮೀಟರ್‌ವರೆಗೆ ಹಾಗೇ ಎಳೆದ್ರು. ಆಮೇಲೆ ಚೈನು 1,200, ಕ್ಯಾಸೆಟ್ 2,000, ಅದರ ಜೊತೆ ಚೈನ್‌ರಿಂಗೂ ಹೋಯ್ತು, 2,500 ಅಂತಿಟ್ಕೊಳ್ಳಿ. ಒಟ್ಟು 5,700. ಕಿಲೋಮೀಟರ್‌ಗೆ 95 ಪೈಸೆ. ಒಂದು ಚೈನು ಉಳಿಸಿದೆ ಅಂದ್ಕೊಂಡವರು ಕೊಟ್ಟಿದ್ದು ಒಂದೂವರೆ ಪಟ್ಟು.

ಮೂರನೇದು, 11 ಸ್ಪೀಡ್. ಚೈನ್ 2,500, ಕ್ಯಾಸೆಟ್ 5,000 ಅಂದ್ಕೊಳ್ಳಿ. ಅಚ್ಚುಕಟ್ಟಾಗೇ ನೋಡ್ಕೊಂಡ್ರು. 9,000 ಕಿಲೋಮೀಟರ್‌ಗೆ 7,500 ಮತ್ತೆ 5,000, ಒಟ್ಟು 12,500. ಕಿಲೋಮೀಟರ್‌ಗೆ 1 ರೂಪಾಯಿ 39 ಪೈಸೆ. ವಾರಕ್ಕೆ 60 ಕಿಲೋಮೀಟರ್ ಓಡಿಸೋರು ವರ್ಷಕ್ಕೆ ಸುಮಾರು 3,000 ಓಡಿಸ್ತಾರೆ. ಮೊದಲನೇವರಿಗೆ ವರ್ಷಕ್ಕೆ 1,900ಕ್ಕಿಂತ ಕಡಿಮೆ, ಮೂರನೇವರಿಗೆ 4,100ರ ಮೇಲೆ.

ಇದರ ಅರ್ಥ ಏನು? ಗೇರ್ ಅಪ್‌ಗ್ರೇಡ್ ಅಂದ್ರೆ ಒಂದು ಸಲದ ಬಿಲ್ ಅಲ್ಲ, ಅದೊಂದು ಚಂದಾ ಕಟ್ಟಿದ ಹಾಗೆ. ಮೇಲಿನ ಮೆಟ್ಟಿಲು ಹತ್ತಿದ ಮೇಲೆ ಪ್ರತಿ ವರ್ಷ ಅದರ ದರವನ್ನೇ ಕಟ್ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದ್ರೆ ಇವತ್ತು ಕೈಲಿರೋ 20,000 ಅಲ್ಲ, ವರ್ಷಾವರ್ಷ ನೀವು ಕೊಡೋಕೆ ಆಗೋ ದುಡ್ಡು.

ಸರಿ, ಈಗ ಕೊಳ್ಳೋ ವಿಷಯ. ಡ್ರೈವ್‌ಟ್ರೇನ್‌ನಲ್ಲಿ ಪಾರ್ಟುಗಳು ಒಂದಕ್ಕೊಂದು ಹೊಂದಬೇಕು. ಇಲ್ಲದಿದ್ರೆ ಎತ್ತು ಏರಿಗೆ, ಕೋಣ ನೀರಿಗೆ. ನಾಲ್ಕು ಕಡೆ ಜನ ಸಿಕ್ಕಿಹಾಕ್ಕೊಳ್ತಾರೆ.

ಒಂದು, ಫ್ರೀವೀಲ್ ಮತ್ತೆ ಕ್ಯಾಸೆಟ್. ಕಡಿಮೆ ಬೆಲೆಯ ಹಲವು ಸೈಕಲ್‌ಗಳಲ್ಲಿ, ಮುಖ್ಯವಾಗಿ 7 ಸ್ಪೀಡ್‌ನವುಗಳಲ್ಲಿ, ಹಿಂದೆ ಇರೋದು ಕ್ಯಾಸೆಟ್ ಅಲ್ಲ, ಫ್ರೀವೀಲ್. ಅದು ಹಬ್‌ಗೆ ಮರೆಯ ಹಾಗೆ ತಿರುಚಿ ಕೂರುತ್ತೆ. ಅಲ್ಲಿ 8, 9 ಸ್ಪೀಡ್ ಕ್ಯಾಸೆಟ್ ಕೂರಲ್ಲ, ಹಬ್ ಅಥವಾ ಚಕ್ರವನ್ನೇ ಬದಲಾಯಿಸ್ಬೇಕು. ಗೊತ್ತು ಮಾಡ್ಕೊಳ್ಳೋದು ಹೀಗೆ: ಹಿಂದಿನ ಚಕ್ರ ಬಿಚ್ಚಿ, ಗೇರ್‌ಗಳನ್ನ ಹಿಮ್ಮುಖ ತಿರುಗಿಸಿ. ನಡುವೆ ಟೂಲ್ ಕೂರೋ ಹಲ್ಲುಹಲ್ಲಿನ ರಿಂಗು ಗೇರ್ ಜೊತೆನೇ ತಿರುಗಿದ್ರೆ ಕ್ಯಾಸೆಟ್. ಅದು ನಿಂತೇ ಇದ್ದು ಗೇರ್ ಮಾತ್ರ ತಿರುಗಿದ್ರೆ ಫ್ರೀವೀಲ್.

ಎರಡು, ಹಬ್ಬಿನ ಅಗಲ. ಶಿಮಾನೊದ 8, 9, 10 ಸ್ಪೀಡ್ ಕ್ಯಾಸೆಟ್‌ಗಳು ಒಂದೇ ಅಳತೆಯ ಫ್ರೀಹಬ್ ಮೇಲೆ ಕೂರ್ತವೆ. ರೋಡ್ 11 ಸ್ಪೀಡ್‌ಗೆ ಅದು 1.85 ಮಿಲಿಮೀಟರ್ ಅಗಲ ಜಾಸ್ತಿ ಬೇಕು. ಹಾಗಾಗಿ ಹಳೇ ಚಕ್ರಕ್ಕೆ ಮಾಮೂಲಿ 11 ಸ್ಪೀಡ್ ಕ್ಯಾಸೆಟ್ ಕೂರಲ್ಲ. ಎಚ್‌ಜಿ 800 ಅನ್ನೋ 11-34 ಕ್ಯಾಸೆಟ್‌ನಂಥ ಕೆಲವು ಮಾತ್ರ ಹಳೇ ಹಬ್ ಮೇಲೂ ಕೂರ್ತವೆ. ‘ಬರೀ ಗೇರ್ ಚೇಂಜ್’ ಅಂತ ಹೋದವರು ಚಕ್ರದ ಬಿಲ್ ಹಿಡ್ಕೊಂಡು ಬರೋದು ಇದಕ್ಕೇ.

ಮೂರು, ಶಿಫ್ಟರ್ ಮತ್ತೆ ಹಿಂದಿನ ಡಿರೈಲರ್. ಶಿಫ್ಟರ್ ಒಂದು ಸಲ ಟಕ್ ಅಂದಾಗ ಇಷ್ಟೇ ಕೇಬಲ್ ಎಳೀಬೇಕು, ಡಿರೈಲರ್ ಇಷ್ಟೇ ಜರುಗಬೇಕು ಅಂತ ಲೆಕ್ಕ ಇರುತ್ತೆ. ಕ್ಲಾರಿಸ್, ಸೋರಾದ ಲೆಕ್ಕ ಬೇರೆ, 11 ಸ್ಪೀಡ್ 105ರ ಲೆಕ್ಕ ಬೇರೆ. ಇದ್ರಲ್ಲಿ ಟಿಯಾಗ್ರಾ 4700 ಹೆಸರಿಗೆ 10 ಸ್ಪೀಡ್, ಆದ್ರೆ ಕೇಬಲ್ ಲೆಕ್ಕದಲ್ಲಿ 11ರ ಪಕ್ಷ. ಸುಮ್ನೆ ಚೆಂದಕ್ಕೆ ಅಂತ ಕ್ಲಾರಿಸ್ ಸೈಕಲ್‌ಗೆ 105 ಡಿರೈಲರ್ ಹಾಕಿದ್ರೆ ಗೇರ್ ಸರಿಯಾಗಿ ಬೀಳಲ್ಲ. 2023ರಿಂದ ಶಿಮಾನೊದವರು ಕ್ಯೂಸ್ ಅನ್ನೋ ಹೊಸ ಸಾಲು ತಂದಿದ್ದಾರೆ. ಅದರ ಶಿಫ್ಟರ್, ಡಿರೈಲರ್‌ಗಳೂ ಹಳೇ ಕ್ಲಾರಿಸ್-ಸೋರಾ ಜೊತೆ ಹೊಂದಲ್ಲ. ಹಾಗಂತ ಹಳೇ 8, 9 ಸ್ಪೀಡ್‌ನವರು ಗಾಬರಿ ಆಗ್ಬೇಡಿ. ಈ ಚೈನು, ಕ್ಯಾಸೆಟ್‌ಗಳನ್ನ ಹಲವು ಕಂಪನಿಗಳು ಮಾಡ್ತವೆ, ಎಂಟಿಬಿ, ಹೈಬ್ರಿಡ್ ಸೈಕಲ್‌ಗಳಿಗೂ ಅವೇ ಬೇಕು.

ನಾಲ್ಕು, ಡಿರೈಲರ್‌ನ ಸಾಮರ್ಥ್ಯ. ದೊಡ್ಡ ಕ್ಯಾಸೆಟ್ ಹಾಕೋ ಮುಂಚೆ ಇದನ್ನ ನೋಡ್ಲೇಬೇಕು. ಡಿರೈಲರ್‌ನ ಉದ್ದ ಎರಡು ಥರ ಇರುತ್ತೆ. ಶಿಮಾನೊದಲ್ಲಿ ಗಿಡ್ಡದ್ದಕ್ಕೆ ಎಸ್‌ಎಸ್, ಉದ್ದದ್ದಕ್ಕೆ ಜಿಎಸ್ ಅಂತಾರೆ. 11 ಸ್ಪೀಡ್ 105ನ್ನೇ ಉದಾಹರಣೆ ತಗೊಳ್ಳಿ: ಎಸ್‌ಎಸ್‌ಗೆ ಗರಿಷ್ಠ 30 ಹಲ್ಲು, ಜಿಎಸ್‌ಗೆ 34. ಜೊತೆಗೆ ಒಟ್ಟು ಸಾಮರ್ಥ್ಯ ಅಂತ ಒಂದಿದೆ. ಮುಂದಿನ ವ್ಯತ್ಯಾಸ 50ರಲ್ಲಿ 34 ಕಳೆದ್ರೆ 16. ಹಿಂದಿನದು 34ರಲ್ಲಿ 11 ಕಳೆದ್ರೆ 23. ಕೂಡಿದ್ರೆ 39. ಆ ಜಿಎಸ್‌ನ ಸಾಮರ್ಥ್ಯವೂ ಸರಿಯಾಗಿ 39. ನಿಮ್ಮ ಡಿರೈಲರ್ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಮಾಡೆಲ್ ನಂಬರ್ ಇರುತ್ತೆ, ಫೋಟೋ ತೆಗೆದು ಜೂಮ್ ಮಾಡಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದ್ರೆ ಎರಡೂ ಅಂಕಿ ಸಿಗುತ್ತೆ. ಎರಡು ನಿಮಿಷದ ಕೆಲಸ.

ಹಾಗಾದ್ರೆ ಕೈಲಿ ಸ್ವಲ್ಪ ದುಡ್ಡಿರೋರು ಯಾವ ಕ್ರಮದಲ್ಲಿ ಖರ್ಚು ಮಾಡ್ಬೇಕು? ನನ್ನ ಪಟ್ಟಿ ಹೇಳ್ತೀನಿ.

ಮೊದಲು ಹ್ಯಾಂಗರ್. ಹಿಂದಿನ ಡಿರೈಲರ್ ನೇತಾಡೋ ಸಣ್ಣ ಅಲ್ಯೂಮಿನಿಯಂ ತುಂಡು ಅದು. ಸೈಕಲ್ ಬಲಕ್ಕೆ ಬಿದ್ರೆ ಫ್ರೇಮ್ ಉಳೀಲಿ ಅಂತ ತಾನು ಬಗ್ಗುತ್ತೆ. ಬಗ್ಗಿದ ಹ್ಯಾಂಗರ್‌ಗೆ ಡ್ಯುರಾ-ಏಸ್ ಹಾಕಿದ್ರೂ ಗೇರ್ ಸರಿಯಾಗಿ ಬೀಳಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದೆ, ಇಲ್ಲಿ ನಿಜವಾಗ್ಲೂ ನೆಲವೇ ಡೊಂಕು. ಅಂಗಡೀಲಿ ಅದಕ್ಕೆ ಅಂತಲೇ ಗೇಜ್ ಇರುತ್ತೆ, ನೇರ ಮಾಡಿಸಿ. ನಿಮ್ಮ ಸೈಕಲ್ ಮಾಡೆಲ್‌ಗೆ ಹೊಂದೋ ಹ್ಯಾಂಗರ್ ಇನ್ನೊಂದನ್ನ ಬ್ಯಾಗಲ್ಲಿ ಇಟ್ಕೊಳ್ಳಿ.

ಎರಡನೇದು ಕೇಬಲ್. ಒಳಗಿನ ತಂತಿ, ಹೊರಗಿನ ಕೊಳವೆ, ಎರಡೂ. ವರ್ಷಗಟ್ಟಲೆ ಮಳೆ, ಬೆವರು ಕುಡಿದ ಕೇಬಲ್ ಒಳಗೇ ತುಕ್ಕು ಹಿಡಿದು ಉಜ್ಜುತ್ತೆ, ಶಿಫ್ಟರ್ ಹಾಳಾಗಿದೆ ಅಂತ ನಾವು ಅಂದ್ಕೋತೀವಿ. ಗೇರ್‌ಗೆ ಗೇರಿನ ಕೊಳವೇನೇ ಹಾಕಿಸಿ. ಬ್ರೇಕಿನದ್ದು ದಪ್ಪ, ಒಳಗಿನ ಹೆಣಿಗೆಯೇ ಬೇರೆ.

ಮೂರನೇದು ಚೈನು, ಅಳತೆ ನೋಡಿ. ನಾಲ್ಕನೇದು ಕ್ಯಾಸೆಟ್, ನಿಮ್ಮ ಬೆಟ್ಟಕ್ಕೆ ತಕ್ಕ ಹಲ್ಲಿನದು. ದೊಡ್ಡ ಕ್ಯಾಸೆಟ್ ಹಾಕಿದ್ರೆ ಚೈನಿನ ಉದ್ದವನ್ನ ಮತ್ತೆ ಲೆಕ್ಕ ಮಾಡಿಸಿ. ಮುಂದೆ ದೊಡ್ಡದು, ಹಿಂದೆ ದೊಡ್ಡದರ ಮೇಲೆ, ಡಿರೈಲರ್ ಒಳಗೆ ತೂರಿಸದೆ ಚೈನು ಸುತ್ತಿ, ಅಲ್ಲಿಂದ ಎರಡು ಕೊಂಡಿ ಜಾಸ್ತಿ ಬಿಡೋದು ಮಾಮೂಲಿ ವಿಧಾನ. ಚೈನು ಗಿಡ್ಡ ಆದ್ರೆ ದೊಡ್ಡದು-ದೊಡ್ಡದು ಗೇರ್‌ಗೆ ಹೋದಾಗ ಡಿರೈಲರ್ ಕಿತ್ಕೊಂಡು ಬರಬಹುದು.

ಕ್ರ್ಯಾಂಕ್, ಅದರ ಒಳಗಿನ ಬೇರಿಂಗ್ ಅಂದ್ರೆ ಬಾಟಮ್ ಬ್ರ್ಯಾಕೆಟ್, ಇವನ್ನ ಅಲುಗಾಡಿದ್ರೆ, ಸದ್ದು ಮಾಡಿದ್ರೆ ಮಾತ್ರ ಮುಟ್ಟಿ. ಶಿಫ್ಟರ್ ಎಲ್ಲಕ್ಕಿಂತ ಕೊನೆಗೆ. ಅದೇ ಎಲ್ಲಕ್ಕಿಂತ ದುಬಾರಿ, ಅದು ಬದಲಾದ್ರೆ ಉಳಿದದ್ದೂ ಬದಲಾಗುತ್ತೆ.

ಕೊಳ್ಳುವಾಗ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತೆ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್‌ನಲ್ಲಿ ಆ ಅಂಕಿ ನೋಡಿ. ಹೆಸರಾಂತ ಬ್ರ್ಯಾಂಡ್‌ನ ಚೈನು ಎಲ್ಲ ಕಡೆಗಿಂತ ಅರ್ಧ ಬೆಲೆಗೆ ಆನ್‌ಲೈನ್‌ನಲ್ಲಿ ಕಂಡ್ರೆ ಖುಷಿಪಡೋ ಮುಂಚೆ ಅನುಮಾನಪಡಿ, ಚೈನುಗಳಲ್ಲಿ ನಕಲಿ ಬಹಳ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಚೈನು ತುಂಡಾದ್ರೆ ಎದೆ ನೇರವಾಗಿ ಹ್ಯಾಂಡಲ್‌ಗೆ ಬಡಿಯುತ್ತೆ. ವಿದೇಶದಿಂದ ತರಿಸೋರು ಸ್ಕ್ರೀನ್ ಮೇಲಿನ ಬೆಲೆ ನೋಡಿ ಹಿಗ್ಗಬೇಡಿ. ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಕೂಡಿಸಿ ಆಮೇಲೆ ಹೋಲಿಸಿ.

ಸೆಕೆಂಡ್ ಹ್ಯಾಂಡ್ ಪಾರ್ಟು ಕೊಳ್ಳೋರಿಗೆ ಒಂದು ಸಾಲು: ಕ್ರ್ಯಾಂಕ್, ಡಿರೈಲರ್ ಹಳೇದು ತಗೋಬಹುದು, ಚೈನು ಬೇಡ, ಕ್ಯಾಸೆಟ್ ಹಲ್ಲು ನೋಡದೆ ಬೇಡ. ಹಲ್ಲು ಒಂದು ಕಡೆ ವಾಲಿ ಚೂಪಾಗಿದ್ರೆ ಅದರ ಆಯಸ್ಸು ಮುಗಿದಿದೆ.

ಈಗ ಯಲಹಂಕದ ನಮ್ಮ ಕೇಳುಗರಿಗೆ ಉತ್ತರ. ಅವರಿಗೆ ನಾನು ಹೇಳಿದ್ದು ಇದು. ಹ್ಯಾಂಗರ್ ನೋಡ್ಸಿ, ಕೇಬಲ್ ಬದಲಾಯಿಸಿ, ಡಿರೈಲರ್ ಒಪ್ಪುತ್ತೆ ಅಂತ ಖಾತ್ರಿ ಮಾಡ್ಕೊಂಡು 11-32 ಅಥವಾ 11-34ರ 8 ಸ್ಪೀಡ್ ಕ್ಯಾಸೆಟ್, ಹೊಸ ಚೈನು ಹಾಕ್ಸಿ. ಸೀಟಿನ ಎತ್ತರ ಸರಿ ಇದೆಯಾ ನೋಡ್ಕೊಳ್ಳಿ, ಮೊಣಕಾಲು ನೋವಿಗೆ ಅದೂ ಕಾರಣ ಇರುತ್ತೆ. ಆಮೇಲೂ ನೋವು ಹೋಗದಿದ್ರೆ ಡಾಕ್ಟರ ಹತ್ರ ಹೋಗಿ, ಗೇರ್ ಅಂಗಡಿಗಲ್ಲ. ಅಂಗಡಿಯ ಅಂದಾಜು ಬರೆಸ್ಕೊಂಡು ಬನ್ನಿ ಅಂದೆ. ತಂದ್ರು. ಕೂಲಿ ಸೇರಿ 20,000ದ ಕಾಲು ಭಾಗದ ಒಳಗೇ ಇತ್ತು. ಉಳಿದದ್ದು ತಮ್ಮನ ಫೀಸಿಗೆ. ಸೈಕಲ್ ಮಾರೋ ಮಾತು ಬಿಟ್ಟಿದ್ದಾರೆ. ಆಫೀಸಿನವರ ಮುಂದೆ ಹೋಗ್ತಾರೋ ಇಲ್ವೋ, ಅದು ಕಾಲಿನ ವಿಷಯ, ಗೇರ್ ಅದಕ್ಕೆ ಜವಾಬ್ದಾರಿ ಅಲ್ಲ. ಆದ್ರೆ ಬೆಟ್ಟದ ಅರ್ಧದಲ್ಲಿ ಇಳಿಯೋಕೆ ಸೈಕಲ್ ಕಾರಣ ಆಗಬಾರದು, ಅಷ್ಟೇ.

ಕರಾವಳಿಯ ಕೇಳುಗರೇ, ಸೋಮೇಶ್ವರದಿಂದ ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತೋರಿಗೂ ಇದೇ ಲೆಕ್ಕ. ನಿಮಗೆ ಮಳೆ ಜಾಸ್ತಿ, ಹಾಗಾಗಿ ಚೈನಿಗೆ ವೆಟ್ ಲ್ಯೂಬ್ ಹಾಕಿ. ಬಯಲುಸೀಮೆಯ ಧೂಳಿಗೆ ಡ್ರೈ ಲ್ಯೂಬ್. ಒಂದೊಂದು ಕೊಂಡಿಗೆ ಒಂದೊಂದು ಹನಿ, ಆಮೇಲೆ ಹಳೇ ಬನಿಯನ್ ಬಟ್ಟೇಲಿ ಹೊರಗಿನದ್ದನ್ನೆಲ್ಲ ಒರೆಸಿ. ಎಣ್ಣೆ ಬೇಕಾಗಿರೋದು ಚೈನಿನ ಒಳಗೆ, ಹೊರಗೆ ಉಳಿದ್ರೆ ಧೂಳಿಗೆ ಅಂಟು. ಅಡುಗೆಮನೆಯ ಕೊಬ್ಬರಿ ಎಣ್ಣೆ ದೋಸೆಗೇ ಇರ್ಲಿ.

ಈ ವಾರದ ಹೋಂವರ್ಕ್: ಒಂದು ಸ್ಕೇಲ್, ಐದು ನಿಮಿಷ. ನಿಮ್ಮ ಚೈನು ಅಳೆದು, ಎಷ್ಟು ಬಂತು, ಎಷ್ಟು ಸ್ಪೀಡ್, ಸುಮಾರು ಎಷ್ಟು ಕಿಲೋಮೀಟರ್ ಓಡಿದೆ ಅಂತ ಮೆಸೇಜ್ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಟೈರ್ ಮತ್ತೆ ಗಾಳಿಯ ಲೆಕ್ಕ ಮಾತಾಡೋಣ. ಹೆಲ್ಮೆಟ್ ಮರೀಬೇಡಿ, ಕತ್ತಲಾದ್ರೆ ಹಿಂದಿನ ಲೈಟ್ ಹಾಕಿ. ಸಿಗೋಣ.